ಅವನಿಗೆ ಗೊತ್ತಾದ ಮಧ್ಯಾಹ್ನ

ಪುಟ್ಟೀ, ನಿನ್ನ ಕಾದಂಬರಿಯನ್ನು ಕೊನೆಯ ಪುಟದವರೆಗೂ ಓದಿದೆ. ಮೊದಲ ಎಂಟು ಅಧ್ಯಾಯ ಊಟದ ಹೊತ್ತು ಮರೆಸಿದವು. ಒಂಬತ್ತನೆಯದರಲ್ಲಿ ಮನಸ್ಸಿಗೆ ಕಸಿವಿಸಿಯಾಯಿತು, ಆಮೇಲೆ ಅದು ಕೊನೆಯವರೆಗೂ ಹೋಗಲಿಲ್ಲ. ಪ್ರಕಾಶಕರಿಗೆ ಕಳಿಸುವ ಮೊದಲು ಈ ದೊಡ್ಡಮ್ಮನ ನಾಲ್ಕು ಮಾತು ಕೇಳು. ಗುರುತು ತಪ್ಪಿದ ಪ್ರೇಮಕಥೆ ಬರೆಯಬೇಕೆಂದಿರುವ ಬೇರೆ ಹುಡುಗ ಹುಡುಗಿಯರಿಗೂ ಉಪಯೋಗಕ್ಕೆ ಬಂದೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾಶಿಕದಲ್ಲಿ ನೆಲೆಸಿದ, ಧಾರವಾಡದ ಕಡೆಯ ಕುಲಕರ್ಣಿ ಮನೆತನದ ಹುಡುಗಿ. ವಧೂವರರ ಜಾಲತಾಣದಲ್ಲಿ ಛತ್ರಪತಿ ಸಂಭಾಜಿನಗರದ ಹುಡುಗನೊಬ್ಬನ ಪರಿಚಯವಾಗುತ್ತದೆ. ಮುಖ ನೋಡಿ ಮರುಳಾಗುವುದು ಬೇಡ, ಮೊದಲು ಮಾತಾಡೋಣ ಎಂದು ಇಬ್ಬರೂ ಫೋಟೊ ಇಲ್ಲದೆ, ಮನೆಯ ಅಡ್ಡಹೆಸರುಗಳಲ್ಲಿ ಬರೆದುಕೊಳ್ಳುತ್ತಾರೆ. ಕಡೆಗೊಂದು ದಿನ ಅವಳು ಎಸ್‌ಟಿ ಬಸ್ಸು ಹತ್ತುತ್ತಾಳೆ. ಆ ಊರಲ್ಲಿ ದೊಡ್ಡ ಬಸ್ ನಿಲ್ದಾಣ ಎರಡು. ಅವನು ಸಿಡ್ಕೊ ನಿಲ್ದಾಣದಲ್ಲಿ ಕಾಯುತ್ತಾನೆ, ಅವಳು ಸೆಂಟ್ರಲ್ ನಿಲ್ದಾಣದಲ್ಲಿ ಇಳಿಯುತ್ತಾಳೆ. ಅಲ್ಲಿ ಒಬ್ಬ ಅಧ್ಯಾಪಕ, ತನ್ನ ಕಾಲೇಜಿಗೆ ನಾಶಿಕದಿಂದ ಉಪನ್ಯಾಸ ಕೊಡಲು ಬರಬೇಕಾದ, ತಾನೆಂದೂ ಕಂಡಿರದ ಕುಲಕರ್ಣಿ ಮೇಡಮ್ಮಿಗಾಗಿ ನಿಂತಿದ್ದಾನೆ. ‘ನಾಶಿಕದಿಂದಲಾ? ಕುಲಕರ್ಣಿ?’ ಎಂದು ಅವನು. ‘ಹೌದು’ ಎಂದು ಇವಳು. ಉಪನ್ಯಾಸ ಸಂಜೆಗಿದೆ, ಅಲ್ಲಿಯವರೆಗೆ ಊರು ತೋರಿಸೋಣವೆಂದು ಅವನು ಬೀಬಿ ಕಾ ಮಕ್ಬರಾಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಅವನಿಗೆ ಫೋನು ಬರುತ್ತದೆ: ಮೇಡಂ ಮನ್ಮಾಡಿನಿಂದಲೇ ವಾಪಸಾದರು, ಬರುವುದಿಲ್ಲ. ಫೋನನ್ನು ಜೇಬಿಗಿಟ್ಟುಕೊಂಡು ಅವನು ‘ಬನ್ನಿ, ಒಳಗೆ ನೋಡೋಣ’ ಎನ್ನುತ್ತಾನೆ. ಒಂಬತ್ತನೆಯ ಅಧ್ಯಾಯ ಮುಗಿಯುತ್ತದೆ.

ಬಸ್ ನಿಲ್ದಾಣದಲ್ಲಿ ಆದದ್ದು ಯಾರ ತಪ್ಪೂ ಅಲ್ಲ. ಅಲ್ಲಿ ಇಬ್ಬರಿಗೂ ಗೊತ್ತಿರಲಿಲ್ಲ. ಮಕ್ಬರಾದ ತೋಟದಲ್ಲಿ ಫೋನು ಬಂದ ಮೇಲೆ ಒಬ್ಬನಿಗೆ ಗೊತ್ತು, ಒಬ್ಬಳಿಗೆ ಗೊತ್ತಿಲ್ಲ. ನಿನ್ನ ಕಾದಂಬರಿ ನಿಜವಾಗಿ ಶುರುವಾಗುವುದು ಅಲ್ಲಿ, ಮತ್ತು ನೀನು ಅವಸರದಿಂದ ದಾಟಿ ಹೋಗಿರುವುದೂ ಅಲ್ಲೇ. ಮುಂದಿನ ಅಧ್ಯಾಯದಲ್ಲಿ ಅವನು ‘ಇದು ನನ್ನ ಹೊಸ ನಂಬರ್, ಹಳೆಯದಕ್ಕೆ ಇನ್ನು ಬರೆಯಬೇಡಿ’ ಎನ್ನುತ್ತಾನೆ. ಹದಿನೆಂಟರಲ್ಲಿ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಮದುವೆಯ ಮುನ್ನಾದಿನ ಸತ್ಯ ಹೊರಬೀಳುತ್ತದೆ, ಕೊನೆಯ ಪುಟದ ಆರು ಸಾಲಿನಲ್ಲಿ ಅವಳು ಕ್ಷಮಿಸಿಬಿಡುತ್ತಾಳೆ. ತಿಂಗಳುಗಟ್ಟಲೆ ಮುಚ್ಚಿಟ್ಟದ್ದಕ್ಕೆ ಆರು ಸಾಲು! ಒಬ್ಬರಿಗೆ ತಿಳಿದ ಗಳಿಗೆಗೂ ಇನ್ನೊಬ್ಬರಿಗೆ ಹೇಳಿದ ಗಳಿಗೆಗೂ ನಡುವೆ ಎಷ್ಟು ದಿನ ಹೋಯಿತೋ ಅಷ್ಟು ದಿನಕ್ಕೂ ಬರೆಯುವವಳು ಲೆಕ್ಕ ಕೊಡಬೇಕು. ನಾನು ಹೇಳಬೇಕೆಂದಿರುವ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ಯಾರಿಗೂ ಗೊತ್ತಿಲ್ಲದ ಬಗೆಯ ಕಥೆಯೂ ಒಂದಿದೆ. ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕದ ಅವಳಿ ಜವಳಿಗಳ ಕಥೆಯನ್ನು ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿ ಗದ್ಯದಲ್ಲಿ ಹೇಳಿದರು. ಬಿ. ವೆಂಕಟಾಚಾರ್ಯರು ಅದನ್ನು 1876ರಲ್ಲಿ ‘ಭ್ರಾಂತಿವಿಲಾಸ’ವೆಂದು ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ. ನಮ್ಮ ಗದ್ಯ ಓದುಗರ ಮೊದಮೊದಲ ನಗುವಿನಲ್ಲಿ ಗುರುತು ತಪ್ಪಿದ ನಗುವೂ ಸೇರಿದೆ ಎನ್ನುವುದು ನನಗೆ ಬಹಳ ಪ್ರೀತಿಯ ಸಂಗತಿ. 1997ರಲ್ಲಿ ಎನ್.ಎಸ್. ಶಂಕರ್ ‘ಉಲ್ಟಾ ಪಲ್ಟಾ’ ಮಾಡಿದಾಗಲೂ ಜನ ಅದೇ ಕಥೆಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಲ್ಲಿ ನಗು ನಿರಾಳ, ಏಕೆಂದರೆ ಮೋಸ ಮಾಡುವವರು ಯಾರೂ ಇಲ್ಲ. ನಿನ್ನ ಮೊದಲ ಎಂಟು ಅಧ್ಯಾಯದ ನಗುವೂ ಹಾಗೇ ಇದೆ. ಆದರೆ ಒಂಬತ್ತರ ನಂತರವೂ ಅದೇ ಲವಲವಿಕೆಯಲ್ಲಿ ಬರೆದಿದ್ದೀಯ. ಆ ನಗು ಅಲ್ಲಿ ನಿಲ್ಲಬೇಕು, ಬೇರೆ ಉಸಿರು ಬರಬೇಕು.

ಆ ಬೇರೆ ಉಸಿರು ಹೇಗಿರುತ್ತದೆಂದು ನೋಡಲು ರವೀಂದ್ರನಾಥ ಠಾಕೂರರ ‘ನೌಕಾಡುಬಿ’ ಓದು. 1906ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ. ತಂದೆಯ ಒತ್ತಾಯಕ್ಕೆ ಮದುವೆಯಾದ ರಮೇಶ ಹೆಂಡತಿಯ ಮುಖವನ್ನೂ ಸರಿಯಾಗಿ ನೋಡಿಲ್ಲ. ದಿಬ್ಬಣದ ದೋಣಿಗಳು ಬಿರುಗಾಳಿಗೆ ಸಿಕ್ಕಿ ಮುಳುಗುತ್ತವೆ. ಎಚ್ಚರವಾದಾಗ ಮರಳ ಮೇಲೆ ಮದುವಣಗಿತ್ತಿಯ ಸೀರೆಯಲ್ಲಿ ಒಬ್ಬ ಹುಡುಗಿ. ಅವಳೇ ತನ್ನ ಹೆಂಡತಿ ಎಂದು ಅವನು, ಅವನೇ ಗಂಡ ಎಂದು ಅವಳು. ಕೆಲ ಕಾಲದ ಮೇಲೆ ರಮೇಶನಿಗೆ ತಿಳಿಯುತ್ತದೆ: ಇವಳು ಕಮಲಾ, ಬೇರೊಬ್ಬನ ಹೆಂಡತಿ. ಅವನು ಕೆಟ್ಟವನಲ್ಲ. ಹೇಳಿದರೆ ಈ ಹುಡುಗಿ ಎಲ್ಲಿ ಹೋಗಬೇಕು, ಊರವರು ಏನೆನ್ನುತ್ತಾರೆ ಎಂದು ಅಂಜುತ್ತಾನೆ. ಅವಳನ್ನು ಮುಟ್ಟದೆ ದೂರವಿಡುತ್ತಾನೆ. ಗಂಡ ಯಾಕೆ ಹೀಗೆ ಮಾಡುತ್ತಾನೆಂದು ತಿಳಿಯದೆ ಅವಳು ಬೇಯುತ್ತಾಳೆ. ಅವನು ಮೊದಲೇ ಪ್ರೀತಿಸಿದ ಹೇಮನಳಿನಿ ಇತ್ತ ಬೇಯುತ್ತಾಳೆ. ಕೊನೆಗೂ ಕಮಲಾಗೆ ನಿಜ ತಿಳಿಯುವುದು ಅವನ ಬಾಯಿಂದಲ್ಲ, ಅವನು ಹೇಮನಳಿನಿಗೆ ಬರೆದಿಟ್ಟ ಕಾಗದದಿಂದ. ಅದಾದ ಮೇಲೆ ಅವಳು ಆ ಮನೆ ಬಿಟ್ಟು ನಿಜವಾದ ಗಂಡನನ್ನು ಹುಡುಕಿ ಹೊರಡುತ್ತಾಳೆ. ರಮೇಶ ಒಂಟಿಯಾಗುತ್ತಾನೆ.

ದೋಣಿ ಮುಳುಗಿದ್ದು ನಂಬುವಂತಿಲ್ಲವೆಂದು ಆಡುವವರಿದ್ದಾರೆ. ಇರಲಿ. ಬಿರುಗಾಳಿಯನ್ನು ಠಾಕೂರರು ಕೆಲವೇ ಮಾತಿನಲ್ಲಿ ಮುಗಿಸಿ, ಗೊತ್ತಿದ್ದೂ ಹೇಳದ ಮನುಷ್ಯನ ದಿನಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ಅವನ ಒಳ್ಳೆಯತನವೇ ಎರಡು ಹೆಣ್ಣುಗಳನ್ನು ಹೇಗೆ ಸುಡುತ್ತದೆ ಎಂಬುದನ್ನು ಅವರು ಎಲ್ಲೂ ಬೈಯದೆ ಕಾಣಿಸುತ್ತಾರೆ. ನಿನ್ನ ಅಧ್ಯಾಪಕನಿಗೆ ರಮೇಶನಿಗಿದ್ದಷ್ಟು ಕಾರಣವೂ ಇಲ್ಲ. ಹುಡುಗಿಗೆ ಹಿಂದಿರುಗಲು ಮನೆಯಿದೆ, ಕೈಯಲ್ಲಿ ಬಸ್ಸಿನ ದುಡ್ಡಿದೆ. ಅವನು ಹೇಳದೆ ಉಳಿದದ್ದು ಬರೀ ಅವಳು ಹೋಗದಿರಲಿ ಎಂಬ ಆಸೆಗೆ. ಆ ಆಸೆಯನ್ನು ನಾನು ತುಚ್ಛ ಎನ್ನುವುದಿಲ್ಲ, ಪ್ರೀತಿ ಅಂಥದ್ದೇ. ಆದರೆ ಅದನ್ನು ಅವನ ಎದುರಿಗಿಟ್ಟು ಅವನಿಂದಲೇ ಒಪ್ಪಿಸಬೇಕು.

ನೀನು ಆರಿಸಿಕೊಂಡ ನಾಶಿಕ ಎಂಥ ಊರೆಂದು ನಿನಗೆ ಗೊತ್ತಿದೆಯೇ? ಈ ಬಗೆಯ ಕಥೆಗೆ ಅದಕ್ಕಿಂತ ಹಳೆಯ ನೆಲ ಭಾರತದಲ್ಲಿ ಸಿಗಲಿಕ್ಕಿಲ್ಲ. ಪಂಚವಟಿ ನಾಶಿಕದ ಒಂದು ಬಡಾವಣೆ. ಸೀತಾ ಗುಂಫಾದ ಮುಂದೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಮಾರೀಚ ಜಿಂಕೆಯಾಗಿ ಬಂದದ್ದು, ರಾವಣ ಸಂನ್ಯಾಸಿಯಾಗಿ ಬಂದದ್ದು ಅಲ್ಲಿದ್ದ ರಾಮನ ಆಶ್ರಮಕ್ಕೆ ಎನ್ನುತ್ತಾರೆ. ಶೂರ್ಪನಖಿಯನ್ನು ಕಂಬ ತನ್ನ ತಮಿಳು ರಾಮಾಯಣದಲ್ಲಿ ಚೆಲುವೆಯ ವೇಷದಲ್ಲಿ ತರುತ್ತಾನೆ. ವಾಲ್ಮೀಕಿಯಲ್ಲಿ ಮಾತ್ರ ಅವಳು ಕೇಳಿದ ಕೂಡಲೇ ತಾನು ರಾಕ್ಷಸಿ, ತನ್ನ ಹೆಸರು ಇಂಥದ್ದು ಎಂದು ನೇರವಾಗಿ ಹೇಳಿಬಿಡುತ್ತಾಳೆ. ನಿಜ ಹೇಳಿದವಳ ಮೂಗು ಹೋಯಿತು, ಸುಳ್ಳು ವೇಷದವನು ಭಿಕ್ಷೆ ಪಡೆದ. ಇದರ ಬಗ್ಗೆ ನಿನ್ನ ಹುಡುಗಿ ಒಮ್ಮೆಯಾದರೂ ಯೋಚಿಸಬಾರದೇ? ರಾಮಕುಂಡದ ಮೆಟ್ಟಿಲ ಮೇಲೆ ಅವಳನ್ನು ಎರಡು ಸಲ ಕೂರಿಸಿದ್ದೀಯ, ಎರಡು ಸಲವೂ ನೀರು ನೋಡುತ್ತಾ ಸುಮ್ಮನಿದ್ದಾಳೆ.

ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಮೇಲೆ ತ್ರ್ಯಂಬಕ. ಗೋದಾವರಿ ಹುಟ್ಟುವ ಬ್ರಹ್ಮಗಿರಿ. ಗೌತಮ ಋಷಿಯ ತಪಸ್ಸಿಗೆ ಇಳಿದು ಬಂದಳೆಂದು ನದಿಗೆ ಗೌತಮಿ ಎಂದೂ ಹೆಸರು. ಗೌತಮನೆಂದರೆ ಅಹಲ್ಯೆಯ ಗಂಡ. ಅವನ ವೇಷ ಹಾಕಿ ಇಂದ್ರ ಒಳಗೆ ಬಂದ ಕಥೆ ಮಕ್ಕಳಿಗೂ ಗೊತ್ತು. ವಾಲ್ಮೀಕಿಯ ಬಾಲಕಾಂಡದಲ್ಲಿ ಅಹಲ್ಯೆಗೆ ಬಂದವನು ಇಂದ್ರನೆಂದು ತಿಳಿದಿರುತ್ತದೆ. ನಂತರ ಬಂದ ಅನೇಕ ಕಥೆಗಳಲ್ಲಿ ಅವಳಿಗೆ ತಿಳಿದಿರುವುದಿಲ್ಲ, ಅವಳು ಮೋಸಹೋದವಳು. ಘಟನೆ ಅದೇ, ಮನುಷ್ಯರು ಅವರೇ. ಗೊತ್ತಿತ್ತೋ ಇಲ್ಲವೋ ಎಂಬ ಒಂದೇ ಒಂದು ಸಂಗತಿ ಬದಲಾದದ್ದಕ್ಕೆ ಇಡೀ ಕಥೆಯ ನ್ಯಾಯವೇ ಬದಲಾಯಿತು. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ದಲ್ಲಿ ಹಿಡಿದದ್ದೂ ಈ ಗಂಟನ್ನೇ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗನನ್ನು ರಾಣಿ ಗುರುತಿಸಲಿಲ್ಲವೇ, ಒಮ್ಮೆಯೂ ಅನುಮಾನ ಬರಲಿಲ್ಲವೇ? ನಾಟಕವೇ ಈ ಪ್ರಶ್ನೆ ಎತ್ತುತ್ತದೆ, ಒಂದು ಮುಕ್ತಾಯ ಸಾಲದೆ ಇನ್ನೊಂದು ಮುಕ್ತಾಯಕ್ಕೆ ಹೋಗುತ್ತದೆ.

ಹಾಗಾದರೆ ವೇಷವೇ ಪಾಪವೇ ಎಂದು ಕೇಳಬೇಡ. ಸಂಭಾಜಿನಗರದಿಂದ ಮೂವತ್ತು ಕಿಲೋಮೀಟರ್ ದೂರದ ವೇರೂಳಕ್ಕೆ, ಅಂದರೆ ಎಲ್ಲೋರಾಕ್ಕೆ, ನಿನ್ನ ಜೋಡಿಯನ್ನು ಕರೆದೊಯ್ದಿದ್ದೀಯ. ಕೈಲಾಸದ ಮುಂದೆ ಸೆಲ್ಫಿ ತೆಗೆಸಿ ವಾಪಸ್ ಕರೆತಂದಿದ್ದೀಯ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕಡೆದು ಮಾಡಿದ ಗುಡಿ, ಕನ್ನಡದ ಹುಡುಗಿ ಅದನ್ನು ನೋಡಿ ಬರೀ ‘ವಾವ್’ ಎಂದರೆ ನನಗೆ ಬೇಸರ. ಇನ್ನೂ ಸ್ವಲ್ಪ ಮುಂದೆ ನಡೆಸು, 29ನೆಯ ಗುಹೆಗೆ, ಧುಮಾರ್ ಲೇಣಕ್ಕೆ. ಅಲ್ಲಿ ಕಲ್ಯಾಣಸುಂದರ ಶಿಲ್ಪವಿದೆ, ಶಿವ ಪಾರ್ವತಿಯ ಕೈ ಹಿಡಿದ ಮದುವೆಯ ಗಳಿಗೆ. ಆ ಮದುವೆಗೆ ಮೊದಲು ಏನಾಯಿತೆಂದು ಕಾಳಿದಾಸ ಕುಮಾರಸಂಭವದ ಐದನೇ ಸರ್ಗದಲ್ಲಿ ಹೇಳಿದ್ದಾನೆ. ತಪಸ್ಸಿಗೆ ಕೂತ ಪಾರ್ವತಿಯ ಬಳಿ ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು ಶಿವನನ್ನೇ ಹಳಿಯುತ್ತಾನೆ. ಅವಳು ತಿರುಗಿ ಉತ್ತರ ಕೊಟ್ಟು, ಇಂಥ ಮಾತು ಕೇಳಲಾರೆನೆಂದು ಎದ್ದು ಹೊರಡುತ್ತಾಳೆ. ಅವಳು ಎತ್ತಿದ ಹೆಜ್ಜೆ ಇನ್ನೂ ನೆಲಕ್ಕೆ ಬಂದಿಲ್ಲ, ಶಿವ ತನ್ನ ರೂಪದಲ್ಲಿ ನಿಂತಿದ್ದಾನೆ. ವೇಷ ಒಂದು ಸಂಭಾಷಣೆಯಷ್ಟು ಹೊತ್ತು ಇತ್ತು, ಬೇಕಾದದ್ದು ತಿಳಿದ ಕೂಡಲೇ ಕಳಚಿತು. ಅವಳ ಬದುಕಿನ ಒಂದು ದಿನವನ್ನೂ ಅದು ಕದಿಯಲಿಲ್ಲ. ಇಂದ್ರನ ವೇಷಕ್ಕೂ ಈ ವೇಷಕ್ಕೂ ಇರುವ ಅಂತರವನ್ನು ನಿನ್ನ ಅಧ್ಯಾಪಕ ಆ ಶಿಲ್ಪದ ಮುಂದೆ ನಿಂತು ಎದುರಿಸಲಿ. ಅವಳು ನಿಶ್ಚಿಂತೆಯಿಂದ ವಿವರಣೆ ಕೇಳುತ್ತಿರುವಾಗ ಅವನಿಗೆ ಮಾತು ತಡವರಿಸಲಿ. ಆ ಒಂದು ದೃಶ್ಯಕ್ಕಾಗಿ ಸೆಲ್ಫಿಯ ದೃಶ್ಯ ಬಿಟ್ಟುಕೊಡು.

ಇನ್ನೊಂದು ನಿದರ್ಶನ ನಮ್ಮ ಮನೆಯ ಪಕ್ಕದ್ದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1882ರಲ್ಲಿ ‘ಸಂಗೀತ ಸೌಭದ್ರ’ ಆಡಿಸಿದರು. ಮಹಾರಾಷ್ಟ್ರದ ಮನೆಮನೆಯಲ್ಲಿ ಅದರ ಪದಗಳನ್ನು ಹಾಡುತ್ತಿದ್ದರು. ಅರ್ಜುನ ಯತಿಯಾಗಿ ಬರುತ್ತಾನೆ, ಸುಭದ್ರೆ ಯತಿಸೇವೆ ಮಾಡುತ್ತಾಳೆ. ಅದು ನಮಗೆ ಚುಚ್ಚುವುದಿಲ್ಲ ಏಕೆ? ಅವಳು ಮೊದಲೇ ಅರ್ಜುನನನ್ನು ಬಯಸಿದ್ದಾಳೆ, ಬಲರಾಮ ಅವಳ ಮನಸ್ಸು ಕೇಳದೆ ದುರ್ಯೋಧನನಿಗೆ ಕೊಡಹೊರಟಿದ್ದಾನೆ. ವೇಷ ಅವಳ ಇಷ್ಟವನ್ನು ಕಾಯುತ್ತದೆ. ನಿನ್ನ ಕಥೆಯಲ್ಲಿ ಹುಡುಗಿ ಇಷ್ಟಪಟ್ಟು ಬಂದದ್ದು ಬೇರೊಬ್ಬನನ್ನು.

ಕಾನೂನಿನ ವಿಷಯ ಎರಡೇ ಮಾತು. ನಿನ್ನ ಇಪ್ಪತ್ತೊಂದನೇ ಅಧ್ಯಾಯದ ವಕೀಲ ಮಾವ ‘ಮದುವೆಯಾದ ಮೇಲೆ ಎಲ್ಲ ಮುಗೀತು’ ಎನ್ನುತ್ತಾನೆ, ಅದು ತಪ್ಪು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ, ಮುಖ್ಯ ಸಂಗತಿಯೊಂದನ್ನು ಮರೆಮಾಚಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದು ಮಾಡಿಸಬಹುದು. ಅರ್ಜಿ ಹಾಕಬೇಕಾದದ್ದು ವಂಚನೆ ಗೊತ್ತಾದ ಒಂದು ವರ್ಷದೊಳಗೆ. ಗೊತ್ತಾದ ಮೇಲೂ ಮನಃಪೂರ್ವಕ ಒಪ್ಪಿ ಸಂಸಾರ ಮಾಡಿದ್ದರೆ ಅರ್ಜಿ ನಡೆಯದು. ನೋಡು, ಕಾಯ್ದೆಯೂ ದಿನ ಎಣಿಸುವುದು ಗೊತ್ತಾದ ದಿನದಿಂದಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಇನ್ನೂ ಖಡಕ್ಕು: ವಂಚನೆಯಿಂದ ಪಡೆದ ದೇಹಸಂಬಂಧಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ, ಗುರುತು ಮುಚ್ಚಿಟ್ಟು ಮದುವೆಯಾಗುವುದೂ ಆ ವಂಚನೆಯಲ್ಲಿ ಸೇರಿದೆ. ನೀನು ಬರೆಯುತ್ತಿರುವುದು ಇಂದಿನ ಕಥೆ. ಮಾವನ ಬಾಯಲ್ಲಿ ಇಂದಿನ ಮಾತು ಬರಲಿ.

ಇಂದಿನ ಕಥೆ ಎಂದ ಮೇಲೆ ಫೋನಿನ ಮಾತು ಬಂದೇ ಬರುತ್ತದೆ. ಅಂಚೆಯ ಕಾಗದದ ಕಾಲದಲ್ಲಿ ಗುರುತು ತಪ್ಪಿಸುವುದು ಸುಲಭವಿತ್ತು. ಈಗ ನಂಬರು ಹಾಕಿದರೆ ಟ್ರೂಕಾಲರ್ ಹೆಸರು ಹೇಳುತ್ತದೆ, ವಾಟ್ಸಾಪಿನಲ್ಲಿ ಮುಖ ಕಾಣುತ್ತದೆ. ಇದನ್ನು ತಪ್ಪಿಸಲು ನೀನು ನಿಫಾಡದ ಹತ್ತಿರ ಹುಡುಗಿಯ ಫೋನು ಕೆಡಿಸಿದ್ದೀಯ. ಬೇಡ, ಓದುವವರು ಕೂಡಲೇ ಹಿಡಿಯುತ್ತಾರೆ. ಫೋನು ಕೈಯಲ್ಲಿದ್ದೂ ಅವಳು ಕೇಳಲಿಲ್ಲ ಎಂದಾಗಲೇ ಕಥೆಗೆ ಬಲ. ನಮ್ಮ ಮನೆಗಳಲ್ಲಿ ಬೆಳೆದ ಹುಡುಗಿ ಎದುರಿಗೆ ಬಂದು ನಿಂತ, ಮರ್ಯಾದೆಯಿಂದ ಚೀಲ ತೆಗೆದುಕೊಂಡ ಗಂಡಸನ್ನು ‘ನೀವು ನಿಜವಾಗಿ ಅವರೇ ತಾನೆ?’ ಎಂದು ಕೇಳುವುದಿಲ್ಲ. ಸಂಕೋಚ ಬಿಡುವುದಿಲ್ಲ. ಆ ಸಂಕೋಚಕ್ಕೆ ಒಂದು ಪುಟ ಕೊಡು. ಅವನಿಗೆ ಫೋನು ಬಂದಾಗ ಅವಳು ಹತ್ತಿರವೇ ಇದ್ದಾಳೆ, ಅವನ ಮುಖ ಬದಲಾದದ್ದನ್ನು ಕಂಡಿದ್ದಾಳೆ, ಆದರೂ ಕೇಳಿಲ್ಲ. ಮುಂದೆ ಜಗಳವಾಗುವಾಗ ಅವಳಿಗೆ ಅದು ನೆನಪಾಗಬೇಕು. ಅವನ ಮೇಲಿನ ಸಿಟ್ಟಿನಷ್ಟೇ ತಾನು ಅಂದು ಕೇಳದೆ ಉಳಿದೆನಲ್ಲ ಎಂಬ ಸಂಕಟವೂ ಇರಬೇಕು.

ಅಡ್ಡಹೆಸರನ್ನು ನೀನು ಚೆನ್ನಾಗಿ ಬಳಸಿಕೊಂಡಿದ್ದೀಯ, ಮೆಚ್ಚಿದೆ. ಕುಲಕರ್ಣಿ, ದೇಶಪಾಂಡೆ, ಜೋಶಿ, ಪಾಟೀಲ ಎಂಬ ಹೆಸರುಗಳು ಕೃಷ್ಣೆಯ ಈಚೆಗೂ ಆಚೆಗೂ ಇವೆ. ಹೆಸರು ಕೇಳಿದ ಮಾತ್ರಕ್ಕೆ ಮನೆಯೊಳಗೆ ಯಾವ ಮಾತೆಂದು ಹೇಳಲಾಗದು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ನಾಶಿಕದ ಶಾಲೆಯಲ್ಲಿ ನಿನ್ನ ಹುಡುಗಿಯನ್ನು ಎಲ್ಲರೂ ಮರಾಠಿಯವಳೆಂದೇ ತಿಳಿದದ್ದು, ಅವಳು ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಮುನಿಸಿಕೊಂಡದ್ದು ಇಡೀ ಪುಸ್ತಕದ ಅತ್ಯುತ್ತಮ ಪುಟಗಳು. ಅದನ್ನು ಎರಡನೇ ಅಧ್ಯಾಯದಲ್ಲೇ ಬಿಟ್ಟುಬಿಟ್ಟಿದ್ದೀಯ. ಮುಂದಕ್ಕೂ ತಾ. ಹುಟ್ಟಿದಾರಭ್ಯ ಜನ ತಪ್ಪಾಗಿ ಗುರುತಿಸಿದರೂ ತಿದ್ದದೆ ನಕ್ಕು ಸುಮ್ಮನಾಗಿ ರೂಢಿಯಾದವಳಿಗೆ ಬಸ್ ನಿಲ್ದಾಣದ ‘ಹೌದು’ ಸಹಜವಾಗಿ ಬರುತ್ತದೆ. ಒಬ್ಬರಿಗೆ ಹಲವು ಹೆಸರಿದ್ದರೆ ಮೋಸವೆಂದಲ್ಲ. ನಾಶಿಕದಲ್ಲೇ ಬಾಳಿದ ಮರಾಠಿ ಕವಿಯನ್ನು ನೋಡು: ಹುಟ್ಟಿದಾಗ ಗಜಾನನ, ದತ್ತಕ ಹೋದ ಮೇಲೆ ವಿಷ್ಣು ವಾಮನ ಶಿರವಾಡ್ಕರ, ತಂಗಿ ಕುಸುಮಳ ಅಣ್ಣನೆಂದು ಕಾವ್ಯಕ್ಕೆ ಕುಸುಮಾಗ್ರಜ. ಅಂಬಿಕಾತನಯದತ್ತರಾದ ನಮ್ಮ ಬೇಂದ್ರೆಯವರು ತಾಯಿಯ 
ಹೆಸರು ಹಿಡಿದಂತೆ ಅವರು ತಂಗಿಯ ಹೆಸರು ಹಿಡಿದರು. ಊರಿಗೂ ಹಾಗೆಯೇ. ಮಲಿಕ್ ಅಂಬರ್ 1610ರಲ್ಲಿ ಕಟ್ಟಿದ್ದು ಖಡಕಿ, ಅವನ ಮಗನ ಕಾಲಕ್ಕೆ ಫತೇನಗರ, 1653ರಿಂದ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ನಿನ್ನ ಅಧ್ಯಾಪಕನ ಪದವಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಹುಡುಗಿಯ ಬಸ್ ಟಿಕೇಟಿನಲ್ಲಿ ಇನ್ನೊಂದು ಇರುತ್ತದೆ. ಯಾವುದನ್ನೂ ಟೀಕಿಸದೆ, ಇದ್ದದ್ದನ್ನು ಇದ್ದಂತೆ ಪುಟದಲ್ಲಿಡು.

ಈಗ ಗುರುತು ಸಿಗುವ ದೃಶ್ಯ. ಮದುವೆಯ ಮುನ್ನಾದಿನ ಯಾರೋ ಗೆಳತಿ ಬಂದು ಹೇಳಿಬಿಡುವುದು ಬಹಳ ಸೋವಿ. ನಳ ದಮಯಂತಿಯ ಕಥೆ ನೆನೆಸಿಕೋ, ಕನಕದಾಸರ ‘ನಳಚರಿತ್ರೆ’ ಮತ್ತೊಮ್ಮೆ ತೆರೆ. ಸ್ವಯಂವರದಲ್ಲಿ ದಮಯಂತಿಯ ಮುಂದೆ ಒಂದೇ ರೂಪದ ಐವರು ನಳರು, ಅವರಲ್ಲಿ ನಾಲ್ವರು ದೇವತೆಗಳು. ಮಹಾಭಾರತದಲ್ಲಿ ಅವಳು ಹೇಗೆ ಗುರುತಿಸುತ್ತಾಳೆ? ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಅವರ ಮೈಗೆ ಧೂಳು ಹತ್ತುವುದಿಲ್ಲ, ನೆರಳು ಬೀಳುವುದಿಲ್ಲ. ಬೆವರಿ, ಮಾಲೆ ಬಾಡಿ, ನೆರಳಿನ ಜೊತೆ ನಿಂತವನು ತನ್ನವನು. ಮುಂದೆ ಎಲ್ಲ ಕಳೆದುಕೊಂಡು ಕುರೂಪಿ ಬಾಹುಕನಾದ ನಳನನ್ನೂ ಅವಳೇ ಪತ್ತೆಹಚ್ಚುತ್ತಾಳೆ, ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿ. ಇನ್ನೊಬ್ಬರ ಚಾಡಿಮಾತು ಅವಳಿಗೆ ಬೇಕಾಗಲೇ ಇಲ್ಲ. ನಿನ್ನ ಹುಡುಗಿಯೂ ತಾನಾಗಿ ಕಂಡುಕೊಳ್ಳಲಿ. ಅಷ್ಟು ದಿನ ಬರೆದುಕೊಂಡ ಕಾಗದಗಳಲ್ಲಿ ಆ ಇನ್ನೊಬ್ಬನದು ಒಂದು ಧಾಟಿಯಿದೆ: ಈರುಳ್ಳಿ ತಿನ್ನುವುದಿಲ್ಲವೆಂದು ತಾನೇ ಬರೆದಿದ್ದಾನೆ. ಈ ಅಧ್ಯಾಪಕ ಅವಳ ಮನೆಗೆ ಬಂದಾಗ ಕಾಂದೇ ಪೋಹೆ, ಅಂದರೆ ಈರುಳ್ಳಿ ಅವಲಕ್ಕಿ, ಎರಡು ಸಲ ಹಾಕಿಸಿಕೊಂಡು ತಿನ್ನುತ್ತಾನೆ. ಆ ತಟ್ಟೆಯ ಮುಂದೆ ಅವಳ ಕೈ ನಿಲ್ಲಲಿ. ಹೆಣ್ಣು ನೋಡುವ ಶಾಸ್ತ್ರದ ತಿಂಡಿಯಲ್ಲೇ ಗಂಡಿನ ಗುರುತು ಸಿಗಲಿ.

ಸಿಕ್ಕ ಮೇಲೆ ಅವಳು ಏನು ಮಾಡಬೇಕು? ಸಿಟ್ಟಾಗಬೇಕು ಕಣೇ. ನಿನ್ನ ಹಸ್ತಪ್ರತಿಯಲ್ಲಿ ಅವಳು ಅಳುತ್ತಾಳೆ, ಕಿಟಕಿಯಾಚೆ ಮಳೆ ಬರುತ್ತದೆ. ಇದೇ ಗೋದಾವರಿಯ ಕೆಳದಂಡೆಯ ಪೈಠಣ ಒಂದು ಕಾಲಕ್ಕೆ ಸಾತವಾಹನರ ರಾಜಧಾನಿ. ಹಾಲರಾಜನ ಹೆಸರಿನಲ್ಲಿರುವ ಗಾಥಾಸಪ್ತಶತಿಯ ಏಳುನೂರು ಪದ್ಯಗಳಲ್ಲಿ ಎಷ್ಟೋ ಹೆಣ್ಣಿನ ಬಾಯಿಂದ ಬಂದವು. ಆ ಹೆಂಗಸರು ಬಯಕೆಯನ್ನೂ ಬಾಯಿಬಿಟ್ಟು ಹೇಳುತ್ತಾರೆ, ಸುಳ್ಳು ಹೇಳಿದ ಗಂಡನ್ನೂ ಮುಖಕ್ಕೆ ಹೊಡೆದಂತೆ ಮಾತಾಡಿಸುತ್ತಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಆ ದಂಡೆಯಲ್ಲಿ ಅಷ್ಟು ಧೈರ್ಯದ ಮಾತು ಇತ್ತು. ಇಂದು ಸ್ವಂತ ದುಡಿಮೆಯ ಹುಡುಗಿಗೆ ಯಾಕೆ ಇಲ್ಲ? ಅವಳು ಕೇಳಲಿ: ‘ಫೋನು ಬಂದದ್ದು ಎಷ್ಟು ಗಂಟೆಗೆ? ಆಮೇಲೆ ನಾನು ನಕ್ಕದ್ದನ್ನೆಲ್ಲ ನೋಡುತ್ತಾ ಕೂತಿದ್ದೆಯಲ್ಲ, ಆಗೇನು ಅನ್ನಿಸುತ್ತಿತ್ತು?’ ಈ ಪ್ರಶ್ನೆಗೆ ಅವನ ಉತ್ತರವನ್ನು ನೀನು ಒಂದೇ ಬಾರಿಗೆ ಬರೆಯಲಾರೆ. ಹತ್ತು ಸಲ ಹರಿದು ಬರಿ. ಅದು ಸರಿ ಬಂದ ದಿನ ನಿನ್ನ ಕಾದಂಬರಿ ನಿಂತಿತು ಎಂದು ತಿಳಿ.

ಮಕ್ಬರಾದ ಬಗ್ಗೆ ನೀನು ಒಂದೇ ಮಾತು ಬರೆದಿದ್ದೀಯ, ‘ಬಡವರ ತಾಜಮಹಲು’ ಎಂದು. ಎಲ್ಲರೂ ಹೇಳುವ ಮಾತನ್ನು ನೀನೂ ಹೇಳಬೇಡ. ಔರಂಗಜೇಬನ ಹೆಂಡತಿ ದಿಲ್‌ರಸ್ ಬಾನೂ ಬೇಗಂ 1657ರಲ್ಲಿ ತೀರಿಕೊಂಡಳು, ಅವಳ ಗೋರಿ 1660ರ ಸುಮಾರಿಗೆ ಎದ್ದಿತು. ಕಟ್ಟಿಸಿದ ಹೆಸರು ಮಗ ಆಜಂ ಶಾಹನದು. ಶಿಲ್ಪಿ ಅತಾಉಲ್ಲಾ, ತಾಜಮಹಲಿನ ಶಿಲ್ಪಿ ಎನ್ನಲಾದ ಉಸ್ತಾದ್ ಅಹಮದ್ ಲಾಹೋರಿಯ ಮಗ. ಗುಮ್ಮಟಕ್ಕೆ, ಗೋಡೆಯ ಬುಡಕ್ಕೆ ಅಮೃತಶಿಲೆ, ನಡುವೆಲ್ಲ ಕರಿಕಲ್ಲಿನ ಮೇಲೆ ಗಾರೆ. ಒಬ್ಬ ಮಗ ತಾಯಿಗೆ ಮಾಡಿದ್ದನ್ನು, ಒಬ್ಬ ಮಗ ತಂದೆಯ ಕೆಲಸ ನೆನೆದು ಮಾಡಿದ್ದನ್ನು ಜನ ಬಹುಕಾಲದಿಂದ ಇನ್ನಾವುದರದೋ ನಕಲು ಎಂದು ಕರೆಯುತ್ತಾ ಬಂದಿದ್ದಾರೆ. ನಿನ್ನ ಅಧ್ಯಾಪಕನ ಅವಸ್ಥೆಯೂ ಅದೇ. ಅವಳು ಅವನನ್ನು ನೋಡಿ ನಗುವಾಗೆಲ್ಲ ಅದು ತನಗಲ್ಲ, ಕಾಗದ ಬರೆದ ಇನ್ನೊಬ್ಬನಿಗೆ ಎಂದು ಅವನಿಗೆ ಗೊತ್ತಿದೆ. ಆ ನೋವು ಅವನಿಗಿರಲಿ. ಅದೊಂದೇ ನನ್ನ ಮನಸ್ಸನ್ನು ಅವನ ಕಡೆಗೆ ತಿರುಗಿಸಬಲ್ಲದು.

ಕ್ಷಮಿಸಬೇಕೋ ಬೇಡವೋ ಎಂದು ಫೋನಿನಲ್ಲಿ ಕೇಳಿದೆಯಲ್ಲ. ನನಗೆ ಸುಖಾಂತ ಇಷ್ಟ, ಸುಳ್ಳು ಹೇಳಲಾರೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಓದಿದ ಕಾಲದವಳು ನಾನು. ಸೇರಬೇಕಾದವರು ಸೇರಿದರೆ ನನಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ನಿಶ್ಚಯವಾದ ಮದುವೆ ನಿಲ್ಲಲಿ. ಹಾಲ್ ರದ್ದಾಗಲಿ, ಯೇವಲೆಯಲ್ಲಿ ನೇಯಲು ಕೊಟ್ಟ ಪೈಠಣಿ ಮಗ್ಗದ ಮೇಲೇ ಉಳಿಯಲಿ. ಅವನು ನಾಶಿಕಕ್ಕೆ ಬರಲಿ, ಈ ಸಲ ಅವಳ ಅಪ್ಪ ಅಮ್ಮನ ಮುಂದೆ ಹೆಸರು ಹೇಳಿ ಕೂರಲಿ. ಮತ್ತೆ ಮೊದಲಿನಿಂದ ಪರಿಚಯವಾಗಲಿ, ಅದಕ್ಕೆ ವರ್ಷ ಹಿಡಿದರೆ ಹಿಡಿಯಲಿ. ಮಹಾರಾಷ್ಟ್ರದ ಮದುವೆಯಲ್ಲಿ ಹೊಸ ಹೆಂಡತಿ ಉಖಾಣೆಯಲ್ಲಿ ಗಂಡನ ಹೆಸರು ಹೇಳುತ್ತಾಳೆ, ನಮ್ಮ ಕಡೆ ಅದೇ ಒಡಪು. ಆ ಶಾಸ್ತ್ರದ ಹೊತ್ತಿಗೆ ಅವಳ ಬಾಯಲ್ಲಿ ಬರುವುದು ಅವನ ನಿಜವಾದ ಹೆಸರಾಗಿರಬೇಕು, ಅಷ್ಟು ದಿನ ಬೇರೆ ಹೆಸರಿಂದ ಕರೆದವಳಿಗೆ ಅದು ಒಮ್ಮೆ ತೊಡರಿದರೂ ಸರಿ. ಅಲ್ಲಿಯವರೆಗೆ ಬರೆಯುವ ತಾಳ್ಮೆ ನಿನಗಿಲ್ಲದಿದ್ದರೆ, ಇಬ್ಬರನ್ನೂ ಬೇರೆ ಬೇರೆ ಕಳಿಸಿಬಿಡು. ಅದಕ್ಕೂ ಧೈರ್ಯ ಬೇಕು, ಅದೂ ಒಳ್ಳೆಯ ಕಾದಂಬರಿಯೇ.

ಇಷ್ಟೆಲ್ಲ ಹೇಳಿ ನನಗೆ ಅತಿ ಹೆಚ್ಚು ಕಾಡಿದವನನ್ನು ಬಿಟ್ಟರೆ ಹೇಗೆ. ಸಿಡ್ಕೊ ನಿಲ್ದಾಣದಲ್ಲಿ ಕಾದ ಹುಡುಗ. ಎಂಟನೇ ಅಧ್ಯಾಯದಲ್ಲಿ ಅವನು ಸಂಜೆಯವರೆಗೆ ಕಾದು, ಅವಳ ನಂಬರು ಬ್ಲಾಕ್ ಮಾಡಿ ಮನೆಗೆ ಹೋದ ಎಂದು ಬರೆದಿದ್ದೀಯ. ಆಮೇಲೆ ಪುಸ್ತಕದಲ್ಲಿ ಅವನಿಲ್ಲ. ಆ ಕಾಗದಗಳನ್ನೆಲ್ಲ ಬರೆದವನು ಅವನು, ಹುಡುಗಿ ಬಸ್ಸು ಹತ್ತಿದ್ದು ಅವನ ಮಾತಿಗೆ ಮನಸೋತು. ಅವನಿಗೂ ತನ್ನನ್ನು ಯಾರೂ ಬೇಡವೆನ್ನಲಿಲ್ಲ ಎಂಬ ನಿಜ ತಿಳಿಯುವ ಹಕ್ಕಿದೆ. ಅದನ್ನು ಅವನಿಗೆ ಹೇಳಬೇಕಾದವನು ಅಧ್ಯಾಪಕ, ಹುಡುಗಿಯಲ್ಲ. ಅವನ ಮನೆ ಹುಡುಕಿಕೊಂಡು ಹೋಗಿ, ಬಾಗಿಲು ತಟ್ಟಿ, ಆ ದಿನ ಏನಾಯಿತೆಂದು ಮೊದಲಿನಿಂದ ಹೇಳಬೇಕು. ಅವನು ಕೇಳಿಕೊಂಡು ಏನು ಮಾಡುತ್ತಾನೋ, ಕೂಗಾಡುತ್ತಾನೋ, ಚಹಾ ಕೊಡುತ್ತಾನೋ, ಬಾಗಿಲು ಹಾಕುತ್ತಾನೋ ನನಗೆ ಗೊತ್ತಿಲ್ಲ. ಉಳಿದದ್ದನ್ನು ತಿದ್ದುವ ಮೊದಲು ಆ ಅಧ್ಯಾಯ ಬರೆದು ಕಳಿಸು.